ಅಂಬಾಸಡರ್ ಎಸ್‌ಯು ಕಾರ್ಬ್ಯುರೇಟರ್: ವ್ಯಾಕ್ಯೂಮ್ ಗೇಜ್ 13ರ ಮೇಲೆ ಏಳ್ತಿಲ್ಲ, ಪಿಸ್ಟನ್ ರಿಂಗ್ ಹೋಗಿದೆಯಾ?

ಮಾರ್ಕ್‌ಮೂರು

ಎಲ್ಲರಿಗೂ ನಮಸ್ಕಾರ. ಗಾಡಿ ಅಂಬಾಸಡರ್ ಮಾರ್ಕ್ 3, 1489 ಸಿಸಿ ಪೆಟ್ರೋಲ್, ಎಸ್‌ಯು ಎಚ್‌ಎಸ್2 ಕಾರ್ಬ್ಯುರೇಟರ್, ಪಾಯಿಂಟ್ ಇಗ್ನಿಷನ್. ಬ್ರೇಕ್ ಬೂಸ್ಟರ್ ಇಲ್ಲ. ಊರು ಬೆಂಗಳೂರು.

ಇನ್‌ಲೆಟ್ ಮ್ಯಾನಿಫೋಲ್ಡ್‌ನಲ್ಲಿದ್ದ ಪ್ಲಗ್ ಬಿಚ್ಚಿ, ಅಲ್ಲಿ ನಿಪ್ಪಲ್ ಕೂರಿಸಿ ವ್ಯಾಕ್ಯೂಮ್ ಗೇಜ್ ಹಾಕಿದ್ದೀನಿ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಸಿಕ್ಕ ಲೆಕ್ಕ ಹೀಗಿದೆ:

ಐಡ್ಲಿಂಗ್‌ನಲ್ಲಿ 13 ಇಂಚು ಪಾದರಸ. ಮುಳ್ಳು ನಿಂತಲ್ಲಿ ನಿಲ್ಲಲ್ಲ, 12ರಿಂದ 14ರ ಮಧ್ಯೆ ನಿಧಾನವಾಗಿ ತೇಲ್ತಾ ಇರುತ್ತೆ. 900 ಆರ್‌ಪಿಎಂಗಿಂತ ಕೆಳಗೆ ಇಳಿಸಿದ್ರೆ ಬಂದ್ ಆಗುತ್ತೆ. ಡೆಲ್ಕೋ (ಡಿಸ್ಟ್ರಿಬ್ಯೂಟರ್) ಸ್ವಲ್ಪ ತಿರುಗಿಸಿ ಟೈಮಿಂಗ್ ಅಡ್ವಾನ್ಸ್ ಮಾಡಿದ್ರೆ, ಅಂದ್ರೆ ಕಿಡಿ ಬೇಗ ಹಾರೋ ಹಾಗೆ ಮಾಡಿದ್ರೆ, ಗೇಜ್ 16ಕ್ಕೆ ಏರುತ್ತೆ, ಆದ್ರೆ ಏರಿನಲ್ಲಿ ಮೂರನೇ ಗೇರ್‌ನಲ್ಲಿ ನಾಕಿಂಗ್ (ಇಂಜಿನ್ ಒಳಗೆ ಕಟಕಟ ಬಡಿತ) ಬರುತ್ತೆ. ಪೆಟ್ರೋಲ್ ಕಮ್ಮಿ ಮಾಡೋಕೆ ಕಾರ್ಬ್ಯುರೇಟರ್ ಕೆಳಗಿನ ಜೆಟ್ ನಟ್ಟು ನಾಲ್ಕು ಫ್ಲ್ಯಾಟ್ (ನಟ್ಟಿನ ಆರು ಮುಖಗಳಲ್ಲಿ ನಾಲ್ಕು) ಮೇಲಕ್ಕೆ ತಿರುಗಿಸಿದ್ರೂ ಮುಳ್ಳಿಗೆ ಏನೂ ಗೊತ್ತೇ ಆಗಲ್ಲ. ಸ್ಪಾರ್ಕ್ ಪ್ಲಗ್ ತುದಿ ಕಪ್ಪು ಮಸಿ.

ಗೇಜ್ ಮೇಲೆ ಹಸಿರು ಪಟ್ಟಿ 17ರಿಂದ 21. ಗ್ಯಾರೇಜಲ್ಲಿ ನೋಡಿದವರು "ರಿಂಗ್ ಹೋಗಿದೆ, ಇಂಜಿನ್ ಇಳಿಸಬೇಕು" ಅಂತಿದ್ದಾರೆ. ಇಳಿಸೋಕೆ ಮುಂಚೆ ಈ ಗೇಜಿನಿಂದಲೇ ಏನಾದ್ರೂ ಖಾತ್ರಿ ಮಾಡ್ಕೋಬಹುದಾ? ಟ್ಯೂನಿಂಗ್ ಎಲ್ಲಿಂದ ಶುರು ಮಾಡ್ಬೇಕು?

ಹದಿನೈದು ಥೌ

ಮೊದಲು ಆ ಹಸಿರು ಪಟ್ಟಿ ಮರೆತುಬಿಡಿ ಸರ್. ಅದು ಸಮುದ್ರ ಮಟ್ಟದ ಲೆಕ್ಕ.

ಗೇಜ್ ತೋರಿಸೋದು ಹೊರಗಿನ ಗಾಳಿಯ ಒತ್ತಡಕ್ಕೂ ಮ್ಯಾನಿಫೋಲ್ಡ್ ಒಳಗಿನ ಒತ್ತಡಕ್ಕೂ ಇರುವ ವ್ಯತ್ಯಾಸವನ್ನ. ಮಂಗಳೂರಲ್ಲಿ ಹೊರಗಿನ ಒತ್ತಡ ಸುಮಾರು 29.9 ಇಂಚು ಪಾದರಸ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ 27ರ ಹತ್ತಿರ. ಮ್ಯಾನಿಫೋಲ್ಡ್ ಒಳಗೆ ಎರಡೂ ಊರಲ್ಲಿ 10 ಇಂಚು ಒತ್ತಡ ಉಳಿದಿದೆ ಅಂದ್ಕೊಂಡ್ರೂ ಅಲ್ಲಿ ಗೇಜ್ 20 ತೋರಿಸುತ್ತೆ, ಇಲ್ಲಿ 17. ಸಾವಿರ ಅಡಿಗೆ ಒಂದು ಇಂಚು ಕಳೀರಿ, ಲೆಕ್ಕ ಸರಿಹೋಗುತ್ತೆ. ಹಾಗಾಗಿ ನಿಮ್ಮ ಗಾಡಿಗೆ 14ರಿಂದ 18 ಆರೋಗ್ಯದ ಲಕ್ಷಣ. ಮಡಿಕೇರಿಗೆ ಹೋದ್ರೆ ಇನ್ನೂ ಮುಕ್ಕಾಲು ಇಂಚು ಕಮ್ಮಿ. 13 ಅಂದ್ರೆ ಕಮ್ಮಿಯೇ, ಆದ್ರೆ ಇಂಜಿನ್ ಇಳಿಸುವಷ್ಟು ಕಮ್ಮಿ ಅಲ್ಲ.

ರಿಂಗ್ ಅನುಮಾನಕ್ಕೆ ಎರಡು ನಿಮಿಷದ ಪರೀಕ್ಷೆ ಇದೆ. ಬಿಸಿ ಇಂಜಿನ್‌ನಲ್ಲಿ ಥ್ರಾಟಲ್ ಒಮ್ಮೆ ಪೂರ್ತಿ ತೆಗೆದು ತಕ್ಷಣ ಬಿಡಿ. ತೆಗೆದಾಗ ಮುಳ್ಳು 2ರ ಕೆಳಗೆ ಬೀಳ್ಬೇಕು, ಬಿಟ್ಟಾಗ ಐಡ್ಲಿಂಗ್ ಅಂಕಿಗಿಂತ ನಾಲ್ಕೈದು ಇಂಚು ಮೇಲಕ್ಕೆ ಹಾರಿ ಆಮೇಲೆ ಇಳೀಬೇಕು. ಬೆಂಗಳೂರಲ್ಲಿ 20–22 ಮುಟ್ಟಿದ್ರೆ ರಿಂಗ್ ತಂಟೆಗೆ ಹೋಗ್ಬೇಡಿ. ಬಿದ್ದ ಮುಳ್ಳು ಸೋಮಾರಿ ಥರ ಎದ್ದು 15–16ರಲ್ಲೇ ನಿಂತ್ರೆ ಆಗ ಕಂಪ್ರೆಷನ್ ಗೇಜ್ ಹಾಕಿ. ಒಣ ಅಂಕಿ ಬರೆದುಕೊಂಡು, ಒಂದೊಂದು ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಆಯಿಲ್ ಬಿಟ್ಟ ಮೇಲೆ ಏರಿದ್ರೆ ರಿಂಗ್, ಏರದಿದ್ರೆ ವಾಲ್ವ್.

ಎರಡನೇದು, ಟೈಮಿಂಗ್ ಮೊದಲಿದ್ದ ಜಾಗಕ್ಕೆ ವಾಪಸ್ ತನ್ನಿ, ಇವತ್ತೇ. ಐಡ್ಲಿಂಗ್‌ನಲ್ಲಿ ಸಿಲಿಂಡರ್ ಒಳಗೆ ಮಿಶ್ರಣ ತೀರಾ ಕಮ್ಮಿ, ಹಳೇ ಹೊಗೆಯೂ ಬೆರೆತಿರುತ್ತೆ, ಉರಿಯೋದು ನಿಧಾನ. ಅದಕ್ಕೇ ಅಡ್ವಾನ್ಸ್ ಕೊಟ್ಟಷ್ಟೂ ಇಂಜಿನ್ ಖುಷಿಯಾಗಿ ವ್ಯಾಕ್ಯೂಮ್ ಏರಿಸುತ್ತೆ. ಅದೇ ಅಡ್ವಾನ್ಸ್ ಏರಿನಲ್ಲಿ, ಸಿಲಿಂಡರ್ ತುಂಬಾ ಮಿಶ್ರಣ ಇರುವಾಗ ಪಿಸ್ಟನ್ ಒಡೆಯುತ್ತೆ. ಗೇಜ್ ನೋಡ್ಕೊಂಡು ಡೆಲ್ಕೋ ತಿರುಗಿಸೋದು ಟೈಮಿಂಗ್ ಲೈಟ್ ಇಲ್ಲದ ಕಾಲದ ಉಪಾಯ.

ಕಾರ್ಬ್ಯುರೇಟರ್ ಮುಟ್ಟೋಕೆ ಮುಂಚೆ ಡೆಲ್ಕೋ ಒಳಗಿನ ಪಾಯಿಂಟ್ ಗ್ಯಾಪ್ 15 ಥೌ (ಇಂಚಿನ ಸಾವಿರದಲ್ಲಿ 15 ಪಾಲು, 0.38 ಮಿಮೀ), ಸ್ಪಾರ್ಕ್ ಪ್ಲಗ್ ಗ್ಯಾಪ್ 25 ಥೌ, ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದಿ) 15 ಥೌ ಇದೆಯಾ ನೋಡಿ. ಪಾಯಿಂಟ್ ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗುತ್ತೆ, ಹಾಗಾಗಿ ಪಾಯಿಂಟ್ ಮೊದಲು, ಲೈಟ್ ಆಮೇಲೆ.

ಕಡಲತಡಿ

ಮೇಲಿನವರು ಹೇಳಿದ್ದು ಸರಿ ಉಂಟು. ಆದ್ರೆ 900ರ ಕೆಳಗೆ ನಿಲ್ಲುದಿಲ್ಲ, ಮುಳ್ಳು ತೇಲ್ತದೆ ಅಂದ್ರೆ ನನ್ನ ಮೊದಲ ಅನುಮಾನ ಗಾಳಿ ಲೀಕಿನ ಮೇಲೆ. ಕಾರ್ಬ್ಯುರೇಟರ್ ಮತ್ತು ಮ್ಯಾನಿಫೋಲ್ಡ್ ಮಧ್ಯೆ ದಪ್ಪದ ಇನ್ಸುಲೇಟರ್ ಬ್ಲಾಕ್ ಉಂಟಲ್ಲ, ಅದರ ಎರಡೂ ಬದಿ ಪ್ಯಾಕಿಂಗ್ ಬರ್ತದೆ. ಹೆಚ್ಚಿನವರು ಕಾರ್ಬ್ಯುರೇಟರ್ ಬದಿಯದ್ದು ಮಾತ್ರ ಬದಲಿಸ್ತಾರೆ, ಮ್ಯಾನಿಫೋಲ್ಡ್ ಬದಿಯದ್ದು ಹಳತೇ ಉಳಿತದೆ. ನಟ್ಟು ಜಾಸ್ತಿ ಬಿಗಿದು ಬ್ಲಾಕ್ ಬಾಗಿದ್ರೆ ಹೊಸ ಪ್ಯಾಕಿಂಗ್ ಹಾಕಿಯೂ ಪ್ರಯೋಜನ ಇಲ್ಲ. ಗಾಜಿನ ಮೇಲೆ ನೀರುಕಾಗದ ಇಟ್ಟು ತಿಕ್ಕಿ ಸಮ ಮಾಡಿ.

ಲೀಕ್ ಹುಡುಕುವಾಗ ಒಂದು ವಿಷಯ ನೆನಪಿಡಿ ಮಾರಾಯ್ರೆ. ಈ ಇಂಜಿನ್‌ನಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಎರಡೂ ಒಂದೇ ಬದಿ. ಕಾರ್ಬ್ಯುರೇಟರ್ ಕೆಳಗೇ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್. ವಿಡಿಯೋಗಳಲ್ಲಿ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೀತಾರೆ ನೋಡಿ, ಅದನ್ನು ಇಲ್ಲಿ ಮಾಡಿದ್ರೆ ಬೆಂಕಿ ಹತ್ತುವ ಸಾಧ್ಯತೆ ಉಂಟು. ಪೆಟ್ರೋಲ್ ಅಂತೂ ಬೇಡವೇ ಬೇಡ.

ಸಣ್ಣ ಪೇಂಟ್ ಬ್ರಷ್ ತಗೊಂಡು ಸೋಪು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದೊಂದೇ ಸಂದಿಗೆ ಮುಟ್ಟಿಸಿ. ನೀರು ಸಂದಿಯನ್ನು ಒಂದು ಕ್ಷಣ ಮುಚ್ಚುತ್ತದೆ, ಆಗ ಮುಳ್ಳು ಒಂದೆರಡು ಇಂಚು ಮೇಲೆ ಜಿಗಿದು ವಾಪಸ್ ಬೀಳ್ತದೆ. ಕ್ರಮ ಹೀಗಿರಲಿ: ಬ್ಲಾಕಿನ ಎರಡೂ ಬದಿ, ಥ್ರಾಟಲ್ ಸ್ಪಿಂಡಲಿನ (ಥ್ರಾಟಲ್ ತಟ್ಟೆ ತಿರುಗುವ ಕಂಬಿ) ಎರಡೂ ತುದಿ, ನೀವೇ ಹಾಕಿದ ನಿಪ್ಪಲಿನ ಬುಡ, ಕೊನೆಗೆ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವ ಜಾಗ. ಅಲ್ಲಿ ನೀರು ಸುರಿಯಬೇಡಿ, ಕಾದ ಬೀಡು ಕಬ್ಬಿಣ ಬಿರುಕು ಬಿಡ್ತದೆ.

ಇನ್ನೊಂದು. ಡೆಲ್ಕೋಗೆ ಹೋಗುವ ಸಣ್ಣ ವ್ಯಾಕ್ಯೂಮ್ ಪೈಪಿನ ತೂತು ಥ್ರಾಟಲ್ ತಟ್ಟೆಯ ಅಂಚಿನ ಹತ್ತಿರವೇ ಇರುದು. ಸರಿಯಾದ ಐಡ್ಲಿಂಗ್‌ನಲ್ಲಿ ಅಲ್ಲಿ ವ್ಯಾಕ್ಯೂಮ್ ಸೊನ್ನೆ ಹತ್ತಿರ. 900ಕ್ಕೆ ಇಟ್ಟಿದ್ದೀರಿ ಅಂದ್ರೆ ತಟ್ಟೆ ತೆರೆದು ಆ ತೂತು ಹೊರಗೆ ಬಂದಿರಬಹುದು, ಐಡ್ಲಿಂಗ್‌ನಲ್ಲೇ ಅಡ್ವಾನ್ಸ್ ಸೇರ್ತಾ ಇರ್ತದೆ. ಟೈಮಿಂಗ್ ಲೈಟ್ ಹಿಡಿಯುವಾಗ ಆ ಪೈಪ್ ಕಳಚಿ ಬಾಯಿ ಮುಚ್ಚಿ. ಗೇಜನ್ನು ಆ ಪೈಪಿಗೆ ಯಾರೂ ಹಾಕಬೇಡಿ, ಓದುವ ಅಂಕಿಗೆ ಅರ್ಥವೇ ಇರುದಿಲ್ಲ.

ಲೇತ್‌ಮನಿ

ಸ್ಪಿಂಡಲ್ ತುದೀಗೆ ನೀರು ಹಚ್ಚಿದಾಗ ಮುಳ್ಳು ಜಿಗದ್ರ ಪ್ಯಾಕಿಂಗ್ ಬದಲಿಸಿ ಉಪಯೋಗ ಇಲ್ರಿ. ಹಳೇ ಎಸ್‌ಯು ಒಳಗ ಸ್ಪಿಂಡಲ್ ಸವೆಯೂದು ಸಾಮಾನ್ಯ. ಬೆರಳಿಂದ ಹಿಡದು ಮ್ಯಾಲ ಕೆಳಗ ಅಲ್ಲಾಡಿಸಿ ನೋಡ್ರಿ, ಕಣ್ಣಿಗೆ ಕಾಣೂವಷ್ಟು ಆಟ ಇದ್ರ ಅಲ್ಲಿಂದ ಗಾಳಿ ಹೊಕ್ಕತೈತಿ. ತೊಂದ್ರಿ ಏನಂದ್ರ, ಸ್ಪಿಂಡಲ್ ಪ್ರತಿ ಸಲ ಬ್ಯಾರೆ ಜಾಗದಾಗ ಕೂಡತೈತಿ. ಹಂಗಾಗಿ ಲೀಕ್ ಒಂದೇ ಸಮ ಇರಂಗಿಲ್ಲ, ಐಡ್ಲಿಂಗ್ ಒಮ್ಮೆ 700, ಒಮ್ಮೆ 1000.

ಮೊದಲು ಹೊಸ ಸ್ಪಿಂಡಲ್ ಅಷ್ಟ ಹಾಕಿ ನೋಡ್ರಿ, ಎಷ್ಟೋ ಸಲ ಬಾಡಿಗಿಂತ ಸ್ಪಿಂಡಲ್ಲೇ ಜಾಸ್ತಿ ಸವದಿರತೈತಿ. ಆಗಲೂ ಆಟ ಇದ್ರ ಬಾಡಿಗೆ ಬುಶ್ ಹಾಕಿಸಬೇಕು. ಎರಡೂ ಬುಶ್ ಒಂದೇ ಸೆಟ್ಟಿಂಗಿನಾಗ ರೀಮರ್ ಹೊಡೀಬೇಕು ಅಂತ ಲೇತಿನವರಿಗೆ ಒತ್ತಿ ಹೇಳ್ರಿ. ಒಂದೊಂದು ಬದಿ ಬ್ಯಾರೆ ಬ್ಯಾರೆ ಮಾಡಿದ್ರ ಸ್ಪಿಂಡಲ್ ಬಿಗಿ ಹಿಡಿತೈತಿ.

ಥ್ರಾಟಲ್ ತಟ್ಟೆಯ ಎರಡು ಸಣ್ಣ ಸ್ಕ್ರೂ ಹಳೇವು ಮತ್ತ ಹಾಕಬ್ಯಾಡ್ರಿ. ಅವುಗಳ ತುದಿ ಸೀಳಿರತೈತಿ, ಬಿಗಿದ ಮ್ಯಾಲ ಅಗಲಿಸಿ ಲಾಕ್ ಮಾಡೂದು. ಅಗಲಿಸದ ಬಿಟ್ಟ ಸ್ಕ್ರೂ ಬಿಚ್ಚಿದ್ರ ಸೀದಾ ಇಂಜಿನ್ ಒಳಗ. ಅದು ಬಿದ್ದ ಮ್ಯಾಲ ನಿಮ್ಮ ಗ್ಯಾರೇಜಿನವರು ಹೇಳಿದ್ದು ಖರೇನ ಆಗತೈತಿ.

ಮಾರ್ಕ್‌ಮೂರು

ತುಂಬಾ ಧನ್ಯವಾದ. ಶನಿವಾರ ಮಾಡಿದ ಕೆಲಸದ ವರದಿ.

ಥ್ರಾಟಲ್ ತೆಗೆದು ಬಿಟ್ಟಾಗ 1ಕ್ಕೆ ಬಿದ್ದು 21ಕ್ಕೆ ಹಾರಿತು. ಸೋಪು ನೀರಿಗೆ ಬ್ಲಾಕಿನ ಮ್ಯಾನಿಫೋಲ್ಡ್ ಬದಿಯಲ್ಲಿ 13ರಿಂದ 15ಕ್ಕೆ ಜಿಗಿಯಿತು. ಬಿಚ್ಚಿದ್ರೆ ಕೆಳಗಿನ ಮೂಲೆಯಲ್ಲಿ ಪ್ಯಾಕಿಂಗ್ ಹರಿದು ಒಂದು ಚೂರು ಇಲ್ಲವೇ ಇಲ್ಲ. ಎರಡೂ ಬದಿ ಹೊಸದು ಹಾಕಿದೆ. ಸ್ಪಿಂಡಲ್ ಪರವಾಗಿಲ್ಲ, ನೀರು ಹಚ್ಚಿದ್ರೂ ಮುಳ್ಳು ಅಲ್ಲಾಡಲಿಲ್ಲ. ಈಗ 15 ಇದೆ, 750 ಆರ್‌ಪಿಎಂನಲ್ಲಿ ನಿಲ್ಲುತ್ತೆ. ಟೈಮಿಂಗ್ ಲೈಟ್ ಹಿಡಿದು ಮ್ಯಾನ್ಯುಯಲ್ ಗುರುತಿಗೆ ತಂದಿದ್ದೀನಿ.

ತೇಲೋದು ಕಮ್ಮಿಯಾಗಿದೆ, ನಿಂತಿಲ್ಲ. ಜೆಟ್ ನಟ್ಟಿನ ಸಮಸ್ಯೆ ಹಾಗೇ ಇದೆ.

ಹದಿನೈದು ಥೌ

21 ಮುಟ್ಟಿದೆ, ರಿಂಗ್ ವಿಷಯ ಅಲ್ಲಿಗೆ ಮುಗೀತು.

ನಟ್ಟಿಗೆ ಉತ್ತರ ಚೋಕ್ ಕೇಬಲ್‌ನಲ್ಲಿದೆ. ಎಸ್‌ಯುನಲ್ಲಿ ಚೋಕ್ ಎಳೆದ್ರೆ ಜೆಟ್ಟೇ ಕೆಳಗಿಳಿಯುತ್ತೆ. ಕೇಬಲ್ ಬಿಗಿಯಾಗಿದ್ರೆ ಒಳಗೆ ತಳ್ಳಿದ ಮೇಲೂ ಜೆಟ್ ಅರ್ಧದಲ್ಲೇ ನೇತಾಡುತ್ತೆ. ನೀವು ನಟ್ಟನ್ನ ಎಷ್ಟು ಮೇಲೆ ಕಳಿಸಿದ್ರೂ ಜೆಟ್ ಅದರ ಹಿಂದೆ ಹೋಗಲ್ಲ. ಕಪ್ಪು ಪ್ಲಗ್‌ಗೂ ಅದೇ ಕಾರಣ. ಕೇಬಲ್ ಸ್ಕ್ರೂ ಸಡಿಲಿಸಿ, ಜೆಟ್ ಬುಡವನ್ನ ಬೆರಳಲ್ಲಿ ಮೇಲಕ್ಕೆ ಒತ್ತಿ ನೋಡಿ. ಟಕ್ ಅಂತ ಮೇಲೆ ಹೋಗಿ ನಟ್ಟಿಗೆ ಕೂತ್ರೆ ರೋಗ ಸಿಕ್ಕಿತು. ಮತ್ತೆ ಕಟ್ಟುವಾಗ ಒಂದೂವರೆ ಮಿಲಿಮೀಟರ್ ಸಡಿಲ ಬಿಡಿ.

ಈಗ ಮಿಕ್ಸ್ಚರ್. ಏರ್ ಕ್ಲೀನರ್ ತೆಗೆದು, ಮೇಲಿನ ಡೋಮ್ ಯಾವ ದಿಕ್ಕಿಗೆ ಕೂತಿದೆ ಅಂತ ಗುರುತು ಹಾಕಿ ಬಿಚ್ಚಿ. ಡೋಮ್ ಒಳಗೆ, ಅದರಲ್ಲಿರೋ ಕಾರ್ಬ್ಯುರೇಟರ್ ಪಿಸ್ಟನ್ ಮೈ ಎರಡನ್ನೂ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ. ಉಪ್ಪುಕಾಗದ ಬೇಡ. ಪಿಸ್ಟನ್ ಹೊರಮೈಗೆ ಎಣ್ಣೆ ಹಚ್ಚಬೇಡಿ. ವಾಪಸ್ ಕೂರಿಸಿ ಪಿಸ್ಟನ್ ಎತ್ತಿ ಬಿಟ್ರೆ ಸಲೀಸಾಗಿ ಇಳಿದು ತಳಕ್ಕೆ ತಾಗಿದ ಶಬ್ದ ಕೇಳ್ಬೇಕು. ಶಬ್ದ ಬರದಿದ್ರೆ ಪಿಸ್ಟನ್ ಕೆಳಗಿನ ಸೂಜಿ ಜೆಟ್ಟಿಗೆ ಉಜ್ಜುತ್ತಿದೆ, ಜೆಟ್ ಸೆಂಟರ್ ಮಾಡೋ ತನಕ ಟ್ಯೂನಿಂಗ್ ಮಾಡಿ ಫಲ ಇಲ್ಲ. ಡ್ಯಾಶ್‌ಪಾಟ್‌ಗೆ (ಡೋಮ್ ನಡುವಿನ ಎಣ್ಣೆ ಕೊಳವೆ) ತೆಳು 20 ಗ್ರೇಡ್ ಎಣ್ಣೆ ಹಾಕಿ. ಬ್ರೇಕ್ ಆಯಿಲ್ ಹಾಕೋರಿದ್ದಾರೆ, ಹಾಕಬೇಡಿ.

ಜೆಟ್ ನಟ್ಟನ್ನ ಪೂರ್ತಿ ಮೇಲೆ ತಿರುಗಿಸಿ. ಜೆಟ್ ಬಾಯಿ ಬ್ರಿಜ್ (ಪಿಸ್ಟನ್ ಕೂರುವ ತಳ) ಮಟ್ಟಕ್ಕೆ ಸಮ ಬರಬೇಕು. ಅಲ್ಲಿಂದ ಎರಡು ಸುತ್ತು ಕೆಳಗೆ, ಅಂದ್ರೆ 12 ಫ್ಲ್ಯಾಟ್. ಇಂಜಿನ್ ಚಾಲೂ ಆಗೋಕೆ ಇಷ್ಟು ಸಾಕು.

ಏರ್ ಕ್ಲೀನರ್ ಹಾಕಿ, ಇಂಜಿನ್ ಪೂರ್ತಿ ಬಿಸಿ ಮಾಡಿ, 700ಕ್ಕೆ ಇಟ್ಟು ಗೇಜ್ ನೋಡಿ. ಒಂದು ಸಲಕ್ಕೆ ಒಂದೇ ಫ್ಲ್ಯಾಟ್. ಪ್ರತಿ ಸಲ ಜೆಟ್ಟನ್ನ ಬೆರಳಲ್ಲಿ ಮೇಲಕ್ಕೆ ಒತ್ತಿ, ಒಮ್ಮೆ ರೇಸ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆಮೇಲೆ ಅಂಕಿ ಓದಿ. ಮುಳ್ಳು ಏರುವ ದಿಕ್ಕಿಗೆ ಹೋಗಿ. ವ್ಯಾಕ್ಯೂಮ್ ಏರಿದಾಗ ಆರ್‌ಪಿಎಂ ಕೂಡ ಏರುತ್ತೆ, ಥ್ರಾಟಲ್ ಸ್ಕ್ರೂ ಸಡಿಲಿಸಿ ಮತ್ತೆ 700ಕ್ಕೆ ತನ್ನಿ. ಇದನ್ನ ಬಿಟ್ರೆ 800ರ ಅಂಕಿಯನ್ನ 700ರ ಅಂಕಿಗೆ ಹೋಲಿಸಿ ಮೋಸ ಹೋಗ್ತೀರಿ. ಎರಡು ಮೂರು ನಿಮಿಷ ಐಡ್ಲಿಂಗ್‌ನಲ್ಲೇ ಇದ್ರೆ ಪ್ಲಗ್ ಮಸಿ ಹಿಡಿಯುತ್ತೆ, ಅರ್ಧ ನಿಮಿಷ 2500ರಲ್ಲಿ ಓಡಿಸಿ ಶುಚಿ ಮಾಡ್ಕೊಳ್ಳಿ.

ಇನ್ನೂ ಏರಲ್ಲ ಅನ್ನುವ ಜಾಗ ಸಿಕ್ಕ ಮೇಲೆ, ಮುಳ್ಳು ಕಾಲು ಇಂಚು ಇಳಿಯುವ ತನಕ ನಟ್ಟು ಮೇಲೆ ತಿರುಗಿಸಿ, ಆಮೇಲೆ ಒಂದು ಫ್ಲ್ಯಾಟ್ ವಾಪಸ್ ಕೆಳಗೆ. ಅಲ್ಲೇ ಬಿಡಿ. ಗೇಜಿನ ತುತ್ತತುದಿ ಅಂಕಿಯಲ್ಲಿ ಬಿಟ್ರೆ ಸಾಮಾನ್ಯವಾಗಿ ಚೂರು ರಿಚ್ (ಪೆಟ್ರೋಲ್ ಜಾಸ್ತಿ) ಇರುತ್ತೆ, ಪೆಟ್ರೋಲ್ ದಂಡ.

ಖಾತ್ರಿಗೆ ಕಾರ್ಬ್ಯುರೇಟರ್ ಪಕ್ಕದ ಲಿಫ್ಟಿಂಗ್ ಪಿನ್. ಅದರಿಂದ ಪಿಸ್ಟನ್ 1 ಮಿಲಿಮೀಟರ್‌ಗಿಂತ ಕಮ್ಮಿ ಎತ್ತಿ. ಆರ್‌ಪಿಎಂ ಚೂರು ಏರಿ ಇಳಿದ್ರೆ ಸರಿ ಇದೆ. ಏರಿ ಅಲ್ಲೇ ನಿಂತ್ರೆ ರಿಚ್. ಇಂಜಿನ್ ಕುಸಿದ್ರೆ ಲೀನ್ (ಪೆಟ್ರೋಲ್ ಕಮ್ಮಿ).

ಕಡಲತಡಿ

ಕೊನೆಯ ಕಾಲು ಇಂಚು ಲೀನ್ ಮಾಡುವ ವಿಷಯದಲ್ಲಿ ನನ್ನದು ಭಿನ್ನಮತ. ಅದು ಹಳೆ ಪೆಟ್ರೋಲಿಗೆ ಸರಿ. ಇ20 (ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ) ಪೆಟ್ರೋಲ್‌ನಲ್ಲಿ ಎಥನಾಲ್ ಜೊತೆ ಆಮ್ಲಜನಕವೂ ಬರ್ತದೆ. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಿದ್ದದ್ದು ಇ20ಗೆ ಸುಮಾರು 13.5 ಸಾಕು. ಅಂದ್ರೆ ಅದೇ ಜೆಟ್, ಅದೇ ಸೂಜಿ ಇಟ್ರೆ ಇಂಜಿನ್ ಏಳೆಂಟು ಪರ್ಸೆಂಟ್ ಲೀನ್. ಐಡ್ಲಿಂಗ್‌ನಲ್ಲಿ ನಟ್ಟು ತಿರುಗಿಸಿ ಸರಿ ಮಾಡಬಹುದು, ಆದ್ರೆ ಮೇಲಿನ ವೇಗದಲ್ಲಿ ಸೂಜಿಯ ಆಕಾರವೇ ನಿರ್ಧಾರ ಮಾಡುದು. ಘಾಟಿಯಲ್ಲಿ ಇಂಜಿನ್ ಬಿಸಿಯಾಗ್ತದೆ ಅನ್ನುವ ದೂರಿಗೆ ಇದೂ ಒಂದು ಕಾರಣ. ನಾನಾದ್ರೆ ಲೀನ್ ಮಾಡದೆ ಏರಿದ ಜಾಗದಲ್ಲೇ ಬಿಡ್ತೇನೆ.

ಹದಿನೈದು ಥೌ

ಮಂಗಳೂರಿಗೆ ನಿಮ್ಮ ಮಾತು ಒಪ್ಪಿದೆ. ಬೆಂಗಳೂರಲ್ಲಿ ಗಾಳಿ ತೆಳು, ಅದರಿಂದ ಕಾರ್ಬ್ಯುರೇಟರ್ ತಾನೇ ನಾಲ್ಕೈದು ಪರ್ಸೆಂಟ್ ರಿಚ್ ಕಡೆ ವಾಲುತ್ತೆ, ಇ20 ಕಿತ್ತುಕೊಂಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ವಾಪಸ್ ಬರುತ್ತೆ. ಇಲ್ಲಿ ಟ್ಯೂನ್ ಮಾಡಿದ ಗಾಡಿಯನ್ನ ಶಿರಾಡಿ ಇಳಿಸಿ ಕರಾವಳಿಯಲ್ಲೇ ಇಟ್ಕೊಳ್ಳೋದಾದ್ರೆ ಒಂದೆರಡು ಫ್ಲ್ಯಾಟ್ ಕೆಳಗೆ ತಿರುಗಿಸಬೇಕು, ಸರಿ. ತೀರ್ಪು ಹೇಳೋದು ಪ್ಲಗ್: ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಐಡ್ಲಿಂಗ್‌ಗೆ ಬಿಡದೆ ಕ್ಲಚ್ ಒತ್ತಿ ಇಗ್ನಿಷನ್ ಆಫ್ ಮಾಡಿ ನಿಲ್ಲಿಸಿ ಪ್ಲಗ್ ತೆಗೀರಿ. ಸ್ಟಿಯರಿಂಗ್ ಲಾಕ್ ಹಾಕಿಸಿದ್ರೆ ಗಾಡಿ ನಿಲ್ಲೋ ತನಕ ಕೀ ಹೊರಗೆ ತೆಗೀಬೇಡಿ. ಪ್ಲಗ್ ತಿಳಿ ಕಂದು ಇರಬೇಕು. ಬಿಳಿ ಇದ್ರೆ ಎರಡು ಫ್ಲ್ಯಾಟ್ ರಿಚ್ ಮಾಡಿ.

ಮಾರ್ಕ್‌ಮೂರು

ಚೋಕ್ ಕೇಬಲ್ಲೇ. ಸಡಿಲಿಸಿದ ತಕ್ಷಣ ಜೆಟ್ ಮೂರು ಮಿಲಿಮೀಟರ್ ಮೇಲೆ ಹೋಯ್ತು. ನೀವು ಹೇಳಿದ ಹಾಗೆ ಮಾಡಿದ ಮೇಲೆ 12 ಫ್ಲ್ಯಾಟ್‌ನಿಂದ ಇನ್ನೊಂದು ಕೆಳಗೆ, ಒಟ್ಟು 13ರಲ್ಲಿ ನಿಂತಿದೆ. 700 ಆರ್‌ಪಿಎಂ, 16.5 ಇಂಚು. ತೇಲೋದು ಪೂರ್ತಿ ನಿಂತಿದೆ. ಏರಿನಲ್ಲಿ ನಾಕಿಂಗ್ ಇಲ್ಲ.

ಆದ್ರೆ ತೇಲೋದು ನಿಂತ ಮೇಲೆ ಬೇರೆ ಒಂದು ಕಾಣಿಸ್ತಿದೆ. ಮುಳ್ಳು 16.5ರಲ್ಲಿ ನಿಂತು, ತಪ್ಪದೆ ಒಂದೇ ಲಯದಲ್ಲಿ ಪಟ್ ಅಂತ 14ಕ್ಕೆ ಬಿದ್ದು ಬರುತ್ತೆ. ಮೊದಲು ತೇಲಾಟದಲ್ಲಿ ಮುಚ್ಚಿಹೋಗಿತ್ತೋ ಏನೋ.

ಹದಿನೈದು ಥೌ

ಲಯ ತಪ್ಪದೆ ಬೀಳ್ತಿದೆ ಅಂದ್ರೆ ಅದು ಕಾರ್ಬ್ಯುರೇಟರ್ ಅಲ್ಲ. ಒಂದೇ ಸಿಲಿಂಡರ್‌ನಲ್ಲಿ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಅಥವಾ ಆ ಸಿಲಿಂಡರ್ ಉರೀತಿಲ್ಲ. ಆಗೊಮ್ಮೆ ಈಗೊಮ್ಮೆ ಬಿದ್ದಿದ್ರೆ ಅಂಟಿದ ವಾಲ್ವ್ ಅನ್ನಬಹುದಿತ್ತು. ಐಡ್ಲಿಂಗ್‌ನಲ್ಲಿ ನಡುಗಿ ರೇಸ್ ಮಾಡಿದಾಗ ನಿಂತ್ರೆ ಸವೆದ ವಾಲ್ವ್ ಗೈಡ್, ರೇಸ್ ಮಾಡಿದಷ್ಟೂ ಅಲ್ಲಾಟ ಹೆಚ್ಚಾದ್ರೆ ವಾಲ್ವ್ ಸ್ಪ್ರಿಂಗ್. ಹತ್ತು ಇಂಚಿನಷ್ಟು ಬಿದ್ದು ಏಳುತ್ತಿದ್ರೆ ಎರಡು ಸಿಲಿಂಡರ್ ಮಧ್ಯೆ ಹೆಡ್ ಪ್ಯಾಕಿಂಗ್.

ಯಾವ ಸಿಲಿಂಡರ್ ಅಂತ ಹುಡುಕಿ: ರಬ್ಬರ್ ಹಿಡಿಯ ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಪ್ಲಗ್ಗಿನ ಕರೆಂಟನ್ನ ಬ್ಲಾಕಿಗೆ ಅರ್ತ್ ಮಾಡಿ. ಒಳ್ಳೇ ಸಿಲಿಂಡರ್ ಕೊಂದ್ರೆ ವ್ಯಾಕ್ಯೂಮ್ ಇಳಿದು ಇಂಜಿನ್ ಎಡವುತ್ತೆ. ಕೆಟ್ಟದ್ದನ್ನ ಕೊಂದ್ರೆ ಹೆಚ್ಚೇನೂ ಬದಲಾಗಲ್ಲ. ಸಿಕ್ಕಿದ ಮೇಲೆ ಪ್ಲಗ್ ಅದಲುಬದಲು ಮಾಡಿ ನೋಡಿ, ದೋಷ ಪ್ಲಗ್ ಹಿಂದೆ ಹೋಗದಿದ್ರೆ ಟ್ಯಾಪೆಟ್ ಕವರ್ ಬಿಚ್ಚಿ. ಮೊದಲು ಹೇಳಿದ 15 ಥೌ ನೋಡಿದ್ರಾ?

ಮಾರ್ಕ್‌ಮೂರು

ಟ್ಯಾಪೆಟ್ ಬಿಟ್ಟಿದ್ದೆ, ಹೊಸ ಕವರ್ ಪ್ಯಾಕಿಂಗ್ ಸಿಕ್ಕಿರಲಿಲ್ಲ. ಇವತ್ತು ನೋಡಿದೆ. 3ನೇ ಸಿಲಿಂಡರ್ ಕೊಂದ್ರೆ ವ್ಯತ್ಯಾಸವೇ ಇಲ್ಲ. ಅದರ ಎಕ್ಸಾಸ್ಟ್ ಟ್ಯಾಪೆಟ್‌ಗೆ 4 ಥೌ ಫೀಲರ್ ಗೇಜ್ ಎಲೆಯೂ (ಸಂದಿ ಅಳೆಯುವ ತೆಳು ಪಟ್ಟಿ) ಹೋಗಲ್ಲ. 2ನೇ ಸಿಲಿಂಡರ್ ಎಕ್ಸಾಸ್ಟ್ 9 ಥೌ. ಉಳಿದವು 13–15. ವಾಲ್ವ್ ಸುಟ್ಟಿದೆಯಾ?

ಹದಿನೈದು ಥೌ

ಅಡ್ಜಸ್ಟ್ ಮಾಡಿ ನೋಡದೆ ಹೇಳೋಕಾಗಲ್ಲ. ಮುಂದಿನಿಂದ ಎಣಿಸಿದ್ರೆ 1, 4, 5, 8 ಎಕ್ಸಾಸ್ಟ್, 2, 3, 6, 7 ಇನ್‌ಲೆಟ್. ಎರಡೂ ಸೇರಿ ಒಂಬತ್ತು ಬರುವ ಲೆಕ್ಕ: 4ನೇ ವಾಲ್ವ್ ಪೂರ್ತಿ ಒತ್ತಿದಾಗ 5 ಅಡ್ಜಸ್ಟ್ ಮಾಡಿ, 5 ಒತ್ತಿದಾಗ 4. ಎಂಟನ್ನೂ 15 ಥೌಗೆ ತನ್ನಿ. ಲಾಕ್ ನಟ್ಟು ಬಿಗಿದ ಮೇಲೆ ಮತ್ತೊಮ್ಮೆ ಎಲೆ ಹಾಕಿ ನೋಡಿ, ಬಿಗಿಯುವಾಗ ಒಂದೆರಡು ಥೌ ಕದಿಯುತ್ತೆ.

ಆಮೇಲೆ ಗೇಜ್. ಪಟ್ ಅನ್ನೋದು ಹೋದ್ರೆ ವಾಲ್ವ್ ಬದುಕಿದೆ. ಉಳಿದ್ರೆ ಸೈಲೆನ್ಸರ್ ಬಾಯಿಗೆ ಕಿವಿ ಕೊಡಿ, ಅದೇ ಲಯದಲ್ಲಿ ಪುಫ್ ಅಂದ್ರೆ ವಾಲ್ವ್ ಕೂರುವ ಸೀಟ್ ಸುಟ್ಟಿದೆ, ಹೆಡ್ ಬಿಚ್ಚಲೇಬೇಕು.

ಲೇತ್‌ಮನಿ

ನಡುವಿನ ಎರಡೂ ಎಕ್ಸಾಸ್ಟೇ ಯಾಕ ಅಂತ ಕೇಳ್ತೀರೇನು, 2 ಮತ್ತ 3ರ ಹೊಗೆ ಒಂದೇ ಪೋರ್ಟಿನಾಗ ಹೊರಗ ಬರತೈತಿ, ಅಲ್ಲಿ ಬಿಸಿ ಜಾಸ್ತಿ. ಇದು ಸೀಸ ಹಾಕಿದ ಪೆಟ್ರೋಲಿನ ಕಾಲದ ಹೆಡ್. ಸೀಟು ಬೀಡು ಕಬ್ಬಿಣದ ಮೈಯಾಗ ಕಡದಿದ್ದು, ಬ್ಯಾರೆ ಗಟ್ಟಿ ರಿಂಗ್ ಇಲ್ಲ. 2000ದಿಂದ ದೇಶದ ತುಂಬ ಸೀಸ ಇಲ್ಲದ ಪೆಟ್ರೋಲ್ ಬಂತು. ಅವಾಗಿಂದ ಎಕ್ಸಾಸ್ಟ್ ವಾಲ್ವ್ ಸೀಟಿನೊಳಗ ಸ್ವಲ್ಪ ಸ್ವಲ್ಪ ಇಳೀತಾವ. ವಾಲ್ವ್ ಇಳದಂಗ ಟ್ಯಾಪೆಟ್ ಗ್ಯಾಪ್ ತುಂಬತೈತಿ. ಶಬ್ದ ಬರಂಗಿಲ್ಲ, ಅದಕ್ಕ ಯಾರಿಗೂ ಗೊತ್ತಾಗಂಗಿಲ್ಲ. ಟ್ಯಾಪೆಟ್ ಸಪ್ಪಳ ಇಲ್ಲದ ಇಂಜಿನ್ ಚಲೋ ಅಂತ ಬಿಗಿ ಮಾಡಿಸ್ಕೊಳ್ಳೋರು ಇದಾರ, ಅಂಥಾ ಗಾಡಿ ವಾಲ್ವೇ ಮೊದಲು ಸುಡೂದು.

3000 ಕಿಲೋಮೀಟರಿಗೊಮ್ಮೆ 4 ಮತ್ತ 5ನೇ ವಾಲ್ವಿನ ಗ್ಯಾಪ್ ನೋಡ್ರಿ. ಪ್ರತಿ ಸಲ ಎರಡು ಮೂರು ಥೌ ಕಮ್ಮಿ ಬಂದ್ರ, ಹೆಡ್ ಬಿಚ್ಚಿದಾಗ ನಾಲ್ಕೂ ಎಕ್ಸಾಸ್ಟಿಗೆ ಗಟ್ಟಿ ಸೀಟ್ ಹಾಕಿಸಿಬಿಡ್ರಿ. ಒಂದಕ್ಕ ಅಷ್ಟ ಹಾಕಿಸಬ್ಯಾಡ್ರಿ. ಹೆಡ್ ಇಳಿಸೋ ಖರ್ಚು ಎರಡು ಸಲ ಬೀಳತೈತಿ.

ಮಾರ್ಕ್‌ಮೂರು

ಎಂಟೂ 15 ಥೌ ಮಾಡಿದೆ. 17 ಇಂಚು, ಮುಳ್ಳು ನಿಂತಿದೆ. ಸೈಲೆನ್ಸರ್‌ನಲ್ಲಿ ಪುಫ್ ಇಲ್ಲ, 3ನೇ ಪ್ಲಗ್ ಅರ್ತ್ ಮಾಡಿದ್ರೆ ಉಳಿದವುಗಳಷ್ಟೇ ಇಳಿಯುತ್ತೆ. ಟ್ಯಾಪೆಟ್ ಶಬ್ದ ಸ್ವಲ್ಪ ಜಾಸ್ತಿಯಾಗಿದೆ, ಹಾಗೇ ಇರಲಿ ಅಲ್ವಾ? ಐಡ್ಲಿಂಗ್ ಏರಿತ್ತು, ಸ್ಕ್ರೂ ಸಡಿಲಿಸಿ 700ಕ್ಕೆ ತಂದೆ. ಮಿಕ್ಸ್ಚರ್ ಮತ್ತೆ ನೋಡ್ಬೇಕಾ?

ಹದಿನೈದು ಥೌ

ಶಬ್ದ ಇರಲಿ. ಮಿಕ್ಸ್ಚರ್ ಮತ್ತೆ ನೋಡ್ಲೇಬೇಕು, ಮೊದಲು ಮೂರು ಸಿಲಿಂಡರ್ ನಂಬಿ ಸೆಟ್ ಮಾಡಿದ್ದು. ಲಿಫ್ಟಿಂಗ್ ಪಿನ್ ಎತ್ತಿ ನೋಡಿ, ಒಂದು ಫ್ಲ್ಯಾಟ್‌ಗಿಂತ ಹೆಚ್ಚು ಬದಲಾಗಲ್ಲ. ಮುಗಿದ ಮೇಲೆ ಗೇಜ್ ತೆಗೆದು ನಿಪ್ಪಲ್ ಬಾಯಿಗೆ ರಬ್ಬರ್ ಕ್ಯಾಪ್ ಹಾಕೋ ಬದಲು, ನಿಪ್ಪಲ್ಲೂ ಬಿಚ್ಚಿ ಮ್ಯಾನಿಫೋಲ್ಡ್‌ನ ಹಳೇ ಪ್ಲಗ್ಗನ್ನೇ ತಾಮ್ರದ ವಾಷರ್ ಜೊತೆ ವಾಪಸ್ ಹಾಕಿ. ಎಕ್ಸಾಸ್ಟ್ ಬಿಸಿಗೆ ರಬ್ಬರ್ ಬಿರುಕು ಬಿಟ್ರೆ ಮತ್ತೆ 13 ಇಂಚಿಗೇ ಬರ್ತೀರಿ.